ದುಭಾಷಿ ಎಲ್ಲಿ ಬೇಕು, ಎಲ್ಲಿ ಬೇಡ?

ಪರಸ್ಥಳಕ್ಕೆ ಹೋದಾಗ ಅಲ್ಲಿಯ ಭಾಷೆ ಬಾರದಿದ್ದರೆ ನಾವು ದುಭಾಷಿಯನ್ನು ಹುಡುಕುತ್ತೇವಷ್ಟೆ. ಕಂಪ್ಯೂಟರಿನೊಳಗೂ ಅಂಥ ದುಭಾಷಿಯೊಬ್ಬನಿದ್ದಾನೆ. ಅವನ ಹೆಸರು ಆಬ್ಜೆಕ್ಟ್ ರಿಲೇಷನಲ್ ಮ್ಯಾಪರ್, ಸಂಕ್ಷೇಪವಾಗಿ ಓಆರ್‌ಎಂ. ನಿಮ್ಮ ಮನೆಯ ಮಕ್ಕಳ ಬಾಯಲ್ಲಿ ಈ ಮಾತನ್ನು ನೀವು ಕೇಳಿರಬಹುದು.

ಮಾಹಿತಿಯನ್ನೆಲ್ಲ ಕೋಷ್ಟಕಗಳಲ್ಲಿಟ್ಟು, ಅವುಗಳ ಸಂಬಂಧವನ್ನು ಗಣಿತದ ಕ್ರಮದಿಂದ ಹೇಳಬಹುದೆಂದು ಐಬಿಎಂ ಸಂಸ್ಥೆಯ ಎಡ್ಗರ್ ಕಾಡ್ 1970ರಲ್ಲಿ ತೋರಿಸಿಕೊಟ್ಟರು. ಅಲ್ಲಿಯವರೇ ಆದ ಚೇಂಬರ್ಲಿನ್ ಮತ್ತು ಬಾಯ್ಸ್ 1974ರಲ್ಲಿ ಪ್ರಕಟಿಸಿದ ಪ್ರಶ್ನಾಭಾಷೆಯೇ ಇಂದಿನ ಎಸ್‌ಕ್ಯೂಎಲ್‌ಗೆ ಮೂಲ. ಆದರೆ ಜಾವಾ, ಪೈಥಾನ್ ಭಾಷೆಗಳಲ್ಲಿ ಬರೆಯುವವನು ಸಾಮಾನ್ಯವಾಗಿ 'ವಿದ್ಯಾರ್ಥಿ', 'ತರಗತಿ' ಎಂಬ ವಸ್ತುಗಳ ರೂಪದಲ್ಲಿ ಯೋಚಿಸುತ್ತಾನೆ. ಹೀಗೆ ವ್ಯಾಕರಣಗಳು ಎರಡಾದುವು. ಅವುಗಳ ನಡುವೆ ನಿಂತವು 2001ರ ಹೈಬರ್ನೇಟ್, 2005ರ ಜ್ಯಾಂಗೋ ಮುಂತಾದುವು.

ಹೊಸ ವಿದ್ಯಾರ್ಥಿಯ ಹೆಸರು ಸೇರಿಸುವುದು, ವಿಳಾಸ ತಿದ್ದುವುದು, ಒಬ್ಬನ ಶುಲ್ಕ ನೋಡುವುದು, ಇಂಥ ನಿತ್ಯದ ಬಿಡಿ ಕೆಲಸಗಳಿಗೆ ಓಆರ್‌ಎಂ ಬಹು ಅನುಕೂಲ. ಬರೆದದ್ದನ್ನೇ ಬರೆಯುವ ಶ್ರಮ ತಪ್ಪುತ್ತದೆ. ಕ್ರಮವಾಗಿ ಬಳಸಿದರೆ, ಹೊರಗಿನವರು ಹೆಸರಿನ ಜಾಗದಲ್ಲಿ ಆಜ್ಞೆಯನ್ನೇ ತುರುಕುವ ಕಪಟವೂ ಬಹುಮಟ್ಟಿಗೆ ತಡೆಯುತ್ತದೆ.

ಇನ್ನು ಅಪಾಯವೆಲ್ಲಿ? ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಒಂದು ಶಾಲೆಗೆ ಫಲಿತಾಂಶದ ಪಟ್ಟಿ ಸಿದ್ಧಮಾಡಿಕೊಟ್ಟಿದ್ದ. ಫಲಿತಾಂಶದ ದಿನ ಪರದೆ ಮೇಲೆ ಏನೂ ಮೂಡದೆ ಮಕ್ಕಳು, ತಾಯಿತಂದೆಗಳು ಬಾಗಿಲಲ್ಲಿ ಕಾಯುತ್ತ ನಿಂತರು. ವಿಚಾರಿಸಲಾಗಿ ತಿಳಿದದ್ದು ಇಷ್ಟು: 600 ಮಕ್ಕಳ ಹೆಸರಿಗೆ ಒಂದು ಪ್ರಶ್ನೆ, ಆಮೇಲೆ ಒಬ್ಬೊಬ್ಬರ ಅಂಕಕ್ಕೂ ಒಂದೊಂದು ಪ್ರಶ್ನೆ, ಒಟ್ಟು 601! ಸಂತೆಗೆ ಹೋದವನು ಒಂದೊಂದು ಈರುಳ್ಳಿಗೂ ಮನೆಗೆ ಬಂದು ಹೋದಂತೆ. ಹೆಸರು, ಅಂಕ ಎರಡನ್ನೂ ಜೋಡಿಸಿ ತರಲು ಒಂದೇ ಪ್ರಶ್ನೆ ಸಾಕಾಗಿತ್ತು. ಹಾಗೆ ತರುವಂತೆ ಓಆರ್‌ಎಂಗೇ ಹೇಳಬಹುದಾಗಿತ್ತು. ಹೇಳದೆ ಇದ್ದದ್ದು ಹುಡುಗನ ತಪ್ಪು. ದುಭಾಷಿಯನ್ನು ದೂರಿ ಫಲವಿಲ್ಲ.

ಆದುದರಿಂದ ಬಿಡಿ ಕೆಲಸಕ್ಕೆ ದುಭಾಷಿ ಇರಲಿ. ಹಲವು ಕೋಷ್ಟಕಗಳನ್ನು ಕೂಡಿಸಿ ಮೊತ್ತ, ಸರಾಸರಿ ತೆಗೆಯುವ ತೊಡಕಿನ ವರದಿಗೂ, ಸಾವಿರಾರು ಸಾಲುಗಳನ್ನು ಒಮ್ಮೆಗೇ ತಿದ್ದುವುದಕ್ಕೂ ಅನೇಕ ವೇಳೆ ಎಸ್‌ಕ್ಯೂಎಲ್ ಅನ್ನೇ ನೇರವಾಗಿ ಬರೆಯುವುದು ಮೇಲು. ಒಂದೇ ಕಾರ್ಯಕ್ರಮದಲ್ಲಿ ಎರಡನ್ನೂ ಬಳಸಲು ಅಡ್ಡಿಯೇನಿಲ್ಲ.

ಕಲಿಯುವ ಮಕ್ಕಳಿಗೆ ನೀವು ಹೇಳಬೇಕಾದ ಮಾತು ಒಂದೇ: ಮೊದಲು ಎಸ್‌ಕ್ಯೂಎಲ್ ಕಲಿಯಲಿ, ದುಭಾಷಿ ತಮ್ಮ ಪರವಾಗಿ ಏನೆಂದು ಕೇಳುತ್ತಿದ್ದಾನೆಂಬುದನ್ನು ಆಗಾಗ ತೆರೆದು ಓದಲಿ. ಮೂಲ ಬಲ್ಲವನಿಗೆ ಮಾತ್ರವೇ ಭಾಷಾಂತರದ ತಪ್ಪು ಕಾಣುವುದು.