ಏರುವ ಬಹುಮಾನದ ಹಣ ಯಾರದು?

ಅಮೆರಿಕದ ನೆವಾಡ ಪ್ರಾಂತ್ಯದಲ್ಲಿ ಜೂಜು ನಿಷಿದ್ಧವಲ್ಲ. 1931ರಿಂದ ಅದು ಅಲ್ಲಿ ಕಾಯಿದೆಗೊಳಪಟ್ಟ ಉದ್ಯಮ. ಅಲ್ಲಿನ ಲಾಸ್ ವೇಗಾಸ್ ನಗರದ ಜೂಜುಮನೆಗಳಲ್ಲಿ ಸಾಲುಸಾಲಾಗಿ ನಿಲ್ಲಿಸಿರುವ ಯಂತ್ರಗಳ ಪೈಕಿ ಒಂದು ಬಗೆಗೆ ‘ವಿಡಿಯೊ ಪೋಕರ್’ ಎಂದು ಹೆಸರು. 1970ರ ದಶಕದ ಕೊನೆಯಲ್ಲಿ ಸೈ ರೆಡ್ ಎಂಬ ಉದ್ಯಮಿಯ ಸಂಸ್ಥೆ ಇದನ್ನು ಬಳಕೆಗೆ ತಂದಿತು. ಆಟದ ಕ್ರಮ ಸರಳವಾದುದು. ಹಣ ಹಾಕಿದೊಡನೆ ಗಾಜಿನ ಮೇಲೆ ಐದು ಇಸ್ಪೀಟೆಲೆಗಳು ಮೂಡುತ್ತವೆ. ಬೇಕಾದುವನ್ನು ಉಳಿಸಿಕೊಂಡು ಬೇಡವಾದುವನ್ನು ಒಮ್ಮೆ ಮಾತ್ರ ಬದಲಾಯಿಸಬಹುದು. ಕಡೆಗೆ ದೊರೆತ ಐದೆಲೆಗಳ ಯೋಗ್ಯತೆಗೆ ತಕ್ಕಷ್ಟು ಹಣ. ಗುಲಾಮರ ಜೋಡಿಯಿಂದ ಬಹುಮಾನ ಮೊದಲಾಗುತ್ತದೆ. ಒಂದೇ ಗುರುತಿನ ಹತ್ತು, ಗುಲಾಮ, ರಾಣಿ, ರಾಜ, ಎಕ್ಕ ಈ ಐದೂ ಕೂಡಿದರೆ ಅದೇ ಶಿಖರ. ಅದನ್ನು ‘ರಾಯಲ್ ಫ್ಲಷ್’ ಎನ್ನುತ್ತಾರೆ.

ಸಮುದ್ರದಾಚೆಯ ಈ ಯಂತ್ರದ ಗೊಡವೆ ನಮ್ಮ ವಾಚಕರಿಗೆ ಏತಕ್ಕೆ? ಯಂತ್ರ ಹೊಸದಾದರೂ ಅದರ ಲೆಕ್ಕ ನಮಗೆ ಹೊಸದಲ್ಲ. ಮುಂಬಯಿಯಲ್ಲಿ 1960ರ ದಶಕದಿಂದ ಬೇರೂರಿದ ಮಟಕಾ ಎಷ್ಟು ಮಂದಿ ಹೋಟೆಲು ಹುಡುಗರ ಸಂಬಳವನ್ನು ನುಂಗಿತೆಂಬುದನ್ನು ಹಿರಿಯರು ಬಲ್ಲರು. ಒಂದಂಕಿಯ ಮೇಲೆ ಒಂದು ರೂಪಾಯಿ ಕಟ್ಟಿ ಗೆದ್ದವನಿಗೆ ಒಂಬತ್ತು ರೂಪಾಯಿ. ಅಂಕಿಗಳು ಮಾತ್ರ ಹತ್ತು. ನೂರು ಕಟ್ಟಿದರೆ ತೊಂಬತ್ತು ಹಿಂದೆ ಬರುವ ಈ ಲೆಕ್ಕವನ್ನು ಯಾರೂ ಬಚ್ಚಿಟ್ಟಿರಲಿಲ್ಲ. ಕೂಡಿ ಕಳೆದು ನೋಡುವವರೇ ಇರಲಿಲ್ಲ.

ನೆವಾಡದಲ್ಲಿ ಒಂದು ಕಟ್ಟುನಿಟ್ಟಿನ ನಿಯಮವುಂಟು. ಯಂತ್ರವು ಇಸ್ಪೀಟೆಲೆಗಳನ್ನು ತೋರಿಸುವುದಾದರೆ, ನಿಜವಾದ ಕಟ್ಟಿನಲ್ಲಿ ಒಂದು ಎಲೆ ಬರುವ ಸಂಭವ ಎಷ್ಟೋ ಯಂತ್ರದಲ್ಲಿಯೂ ಅಷ್ಟೇ ಇರತಕ್ಕದ್ದು. ಆದುದರಿಂದ ಬಲ್ಲವನು ಯಂತ್ರದ ಹೊಟ್ಟೆ ಬಗೆದು ನೋಡಬೇಕಾಗಿಲ್ಲ. ಹೋಟೆಲಿನ ಗೋಡೆಯ ಮೇಲೆ ತಿಂಡಿಯ ಪಟ್ಟಿ ಇರುವಂತೆ ಯಂತ್ರದ ಮುಖದ ಮೇಲೆಯೇ ದರಪಟ್ಟಿ ಇರುತ್ತದೆ.

ಸ್ಥಿರ ದರದ ಯಂತ್ರಗಳಲ್ಲಿ ಹೆಸರಾದುದು ‘ಒಂಬತ್ತು-ಆರು’. ಒಂದು ಬಗೆಯ ಮೂರು ಎಲೆ, ಇನ್ನೊಂದು ಬಗೆಯ ಎರಡು ಎಲೆ ಕೂಡಿದ ‘ಫುಲ್ ಹೌಸ್’ಗೆ ಒಂದಕ್ಕೆ 9; ಐದೂ ಒಂದೇ ಗುರುತಿನವಾದ ‘ಫ್ಲಷ್’ಗೆ ಒಂದಕ್ಕೆ 6. ಐದು ನಾಣ್ಯ ಕಟ್ಟಿದವನಿಗೆ ರಾಯಲ್ ಫ್ಲಷ್ ಬಂದರೆ 4,000 ನಾಣ್ಯ. (ಈಗ ನಾಣ್ಯದ ಬದಲು ನೋಟು, ಚೀಟಿಗಳು ನಡೆಯುತ್ತವೆ, ಲೆಕ್ಕ ಮಾತ್ರ ನಾಣ್ಯದಲ್ಲಿಯೇ.) ಒಂದು ತಪ್ಪೂ ಇಲ್ಲದೆ ಆಡಿದರೆ ದೀರ್ಘಕಾಲದಲ್ಲಿ ನೂರಕ್ಕೆ 99.54 ಹಿಂದಿರುಗುತ್ತದೆ. ತಪ್ಪಿಲ್ಲದೆ ಆಡುವವರು ಎಷ್ಟು ಮಂದಿ ಎಂಬುದು ಬೇರೆ ಮಾತು.

ಇನ್ನೊಂದು ಬಗೆ ‘ಪ್ರೊಗ್ರೆಸಿವ್’, ಎಂದರೆ ಏರುವ ಬಹುಮಾನದ್ದು. ಒಂದು ಸಾಲಿನ ಯಂತ್ರಗಳನ್ನೆಲ್ಲ ಒಟ್ಟಿಗೆ ಜೋಡಿಸಿ, ಮೇಲೆ ಬೆಳಕಿನ ಅಂಕಿಗಳ ಫಲಕವೊಂದನ್ನು ತೂಗುಹಾಕಿರುತ್ತಾರೆ. ಆಡುವವರು ಕಟ್ಟುವ ಹಣದಲ್ಲಿ ಒಂದು ಸಣ್ಣ ಪಾಲು, ಸಾಮಾನ್ಯವಾಗಿ ನೂರಕ್ಕೆ ಒಂದರ ಆಸುಪಾಸು, ರಾಯಲ್ ಫ್ಲಷ್‌ನ ಬಹುಮಾನಕ್ಕೆ ಸೇರುತ್ತದೆ. 4,000ದಿಂದ ಹೊರಟ ಅಂಕಿ ಯಾರಾದರೊಬ್ಬರು ಗೆಲ್ಲುವವರೆಗೆ ಏರುತ್ತಲೇ ಇರುತ್ತದೆ. ಒಳಗೆ ಬಂದವನ ಕಣ್ಣು ಆ ಅಂಕಿಯ ಮೇಲೆ ನೆಡುತ್ತದೆ. ಕೆಳಗಿನ ದರಪಟ್ಟಿಯ ಮೇಲಲ್ಲ. ಅಲ್ಲಿ ಬಹಳ ಸಲ 9 ಇದ್ದ ಕಡೆ 8, 6 ಇದ್ದ ಕಡೆ 5 ಆಗಿರುತ್ತದೆ.

ಒಂದೊಂದು ನಾಣ್ಯದ ಈ ಕಡಿತ ಅಲ್ಪವೆಂದು ತೋರಬಹುದು. ಆದರೆ ಫುಲ್ ಹೌಸ್ ಸುಮಾರು 87 ಆಟಗಳಿಗೊಮ್ಮೆ, ಫ್ಲಷ್ ಸುಮಾರು 91 ಆಟಗಳಿಗೊಮ್ಮೆ ಬರತಕ್ಕವು. ಆಡುವವನ ಕೈ ಬರಿದಾಗದಂತೆ ಹಿಡಿದಿಡುವುದೇ ಇಂತಹ ಸಣ್ಣ ಗೆಲುವುಗಳು. ಅವುಗಳಲ್ಲಿ ಕತ್ತರಿಸಿದಾಗ 99.54 ಇದ್ದುದು 97.30ಕ್ಕೆ ಇಳಿಯುತ್ತದೆ. ಒಬ್ಬ ಹೋಟೆಲಿನ ಯಜಮಾನರು ಪ್ರತಿಯೊಬ್ಬ ಗಿರಾಕಿಯ ತಟ್ಟೆಯಿಂದ ಒಂದೊಂದು ಪೂರಿಯನ್ನು ತೆಗೆದು, “ವರ್ಷಕ್ಕೊಮ್ಮೆ ನಿಮ್ಮಲ್ಲೊಬ್ಬರಿಗೆ ಬೆಳ್ಳಿಯ ತಟ್ಟೆ ಕೊಡುತ್ತೇನೆ” ಎಂದರೆ ನಾವು ನಗುವುದಿಲ್ಲವೆ? ಜೂಜುಮನೆಯಲ್ಲಿ ಅದನ್ನೇ ಔದಾರ್ಯವೆಂದು ನಂಬುತ್ತಾರೆ.

ಇದನ್ನು ದುಡಿಮೆಯ ಗಂಟೆಗಳಲ್ಲಿ ಅಳೆದು ನೋಡೋಣ. ರೂಢಿಯಾದವನು ಗಂಟೆಗೆ 600 ಆಟ ಆಡಬಲ್ಲನು. ಕಾಲು ಡಾಲರಿನ ಯಂತ್ರದಲ್ಲಿ ಐದೈದು ನಾಣ್ಯದಂತೆ ಗಂಟೆಗೆ 750 ಡಾಲರು ಯಂತ್ರದೊಳಗೆ ಹರಿದುಹೋಗುತ್ತದೆ. ಒಂಬತ್ತು-ಆರರಲ್ಲಿ ಇದರ ಸರಾಸರಿ ನಷ್ಟ ಮೂರೂವರೆ ಡಾಲರು. ಎಂಟು-ಐದರಲ್ಲಿ, ಫಲಕ ಇನ್ನೂ 4,000ದಲ್ಲಿದ್ದಾಗ, ಇಪ್ಪತ್ತು. ರಾಯಲ್ ಫ್ಲಷ್ ಬಾರದವನಿಗೆ ಎರಡರಲ್ಲಿಯೂ ಇನ್ನೊಂದು ಹದಿನೈದು ಡಾಲರು ಹೆಚ್ಚು ನಷ್ಟ. ಆ ರಾಯಲ್ ಫ್ಲಷ್ ಆದರೋ ಸರಾಸರಿ 40,000 ಆಟಗಳಿಗೊಮ್ಮೆ ಬರುವುದು. ದಿನಕ್ಕೆ ಎಂಟು ಗಂಟೆಯಂತೆ ಎಂಟು ದಿನಕ್ಕಿಂತಲೂ ಹೆಚ್ಚಿನ ದುಡಿಮೆ ಅದು. ಅಷ್ಟು ಆಡಿದ ನೂರು ಮಂದಿಯಲ್ಲಿ ಮೂವತ್ತೇಳು ಮಂದಿ ಅದನ್ನು ಕಾಣದೆಯೇ ಎದ್ದುಹೋಗುತ್ತಾರೆಂದು ಗಣಿತ ಹೇಳುತ್ತದೆ. ಫಲಕದ ಅಂಕಿ ಎಷ್ಟೇ ಏರಲಿ, ಎಲೆಗಳಿಗೆ ಅದರ ಅರಿವಿಲ್ಲ. ಬರುವ ಸಂಭವ ಅದರಿಂದ ಹೆಚ್ಚುವುದಿಲ್ಲ.

ಏರುವ ಬಹುಮಾನ ಎಂದಿಗೂ ಲಾಭಕರವಲ್ಲವೆಂದು ಹೇಳಿದರೆ ಅದು ಸುಳ್ಳಾಗುತ್ತದೆ. ಎಂಟು-ಐದರ ಯಂತ್ರದಲ್ಲಿ ಅಂಕಿ 8,700 ನಾಣ್ಯಗಳ ಸುಮಾರಿಗೆ ಮುಟ್ಟಿದಾಗ, ಆಟದ ಕ್ರಮವನ್ನೂ ಅದಕ್ಕೆ ತಕ್ಕಂತೆ ಬದಲಿಸಿಕೊಂಡವನಿಗೆ, ನೂರಕ್ಕೆ ನೂರು ಹಿಂದಿರುಗುತ್ತದೆ. ಅದರಾಚೆ ಆಡುವವನದೇ ಮೇಲುಗೈ. 6,000 ಎಂದು ಮಿನುಗುತ್ತಿರುವಾಗಲೂ ಅದು ಸ್ಥಿರ ದರದ ಒಂಬತ್ತು-ಆರಕ್ಕಿಂತ ಕೀಳೇ.

1980ರ ದಶಕದಲ್ಲಿ ಲಾಸ್ ವೇಗಾಸಿನಲ್ಲಿ ಈ ಲೆಕ್ಕ ಕಲಿತವರು ತಂಡಗಳನ್ನು ಕಟ್ಟಿದರು. ಅಂಕಿ ಗೆರೆ ದಾಟಿದೊಡನೆ ಸಾಲಿನ ಯಂತ್ರಗಳನ್ನೆಲ್ಲ ತಮ್ಮ ಆಳುಗಳಿಂದ ಹಿಡಿಸಿ, ಬಹುಮಾನ ಬೀಳುವವರೆಗೆ ಪಾಳಿಯ ಮೇಲೆ ಆಡಿಸುತ್ತಿದ್ದರು. ಆಡುವವನಿಗೆ ಗಂಟೆಯ ಲೆಕ್ಕದಲ್ಲಿ ಕೂಲಿ. ಬಂಡವಾಳ, ನಷ್ಟ, ಬಹುಮಾನ ಮೂರೂ ಯಜಮಾನನವು. ಆ ಸಾಲಿನಲ್ಲಿ ಕುಳಿತವರ ಪೈಕಿ ನಿಶ್ಚಿತವಾಗಿ ಹಣ ಕಂಡವನು ಕೂಲಿಯವನೊಬ್ಬನೇ ಎಂದು ನಮಗೆ ತೋರುತ್ತದೆ. ಅಂಕಿಯನ್ನು 4,000ದಿಂದ ಅಲ್ಲಿಯವರೆಗೆ ಏರಿಸಿದ ಸಾಮಾನ್ಯ ಜನರೋ, ಜೇಬು ಬರಿದು ಮಾಡಿಕೊಂಡು ಎಂದೋ ಮನೆ ಸೇರಿರುತ್ತಾರೆ. ತಂಡದವರು ಕೊಂಡೊಯ್ದದ್ದು ಜೂಜುಮನೆಯ ಹಣವಲ್ಲ, ಅವರದು.

ನಮ್ಮ ದೇಶದಲ್ಲಿ, 1992ರಲ್ಲಿ ಆದ ತಿದ್ದುಪಡಿಯ ಮೂಲಕ, ಗೋವೆಯ ಪಂಚತಾರಾ ಹೋಟೆಲುಗಳಲ್ಲಿ ಜೂಜಿನ ಯಂತ್ರಗಳಿಗೆ ಅನುಮತಿ ದೊರೆಯಿತು. ಖಾನಾಪುರದ ಕಡೆ ಮಹಾದಾಯಿಯಾಗಿ ಹುಟ್ಟುವ ಹೊಳೆ ಪಣಜಿಯ ಬಳಿ ಮಾಂಡವಿಯಾಗಿ ಹರಿಯುವಲ್ಲಿ ಈಗ ಜೂಜಿನ ಹಡಗುಗಳು ನಿಂತಿವೆ. ಊರಿಗೆ ಹೋಗುವ ರಜೆಯಲ್ಲಿ ಒಂದು ರಾತ್ರಿ ಅಲ್ಲಿ ಇಳಿಯುವ ಆಸೆ ತರುಣರಿಗೆ ಇರುವುದು ಸಹಜ. ಹೋಗುವವರು ನೆನಪಿಡಬೇಕಾದುದಿಷ್ಟು: ನೆವಾಡದ ನಿಯಮಕ್ಕೆ ಇಲ್ಲಿಯ ಯಂತ್ರಗಳು ಒಳಪಟ್ಟಿಲ್ಲ. ಎಲೆಗಳ ಯಂತ್ರದಲ್ಲಿಯಾದರೂ ಓದಲು ಒಂದು ದರಪಟ್ಟಿ, ಎಣಿಸಲು ಐವತ್ತೆರಡು ಎಲೆಗಳೆಂಬ ಆಧಾರವಿದೆ. ಚಿತ್ರಗಳ ಚಕ್ರ ತಿರುಗುವ ಯಂತ್ರದಲ್ಲಿ ಯಾವ ಚಿತ್ರ ಎಷ್ಟು ಸಲಕ್ಕೊಮ್ಮೆ ನಿಲ್ಲುವುದೆಂಬುದು ಆಡುವವನಿಗೆ ತಿಳಿಯುವಂತಿಲ್ಲ. ಅಲ್ಲಿ ಏರುತ್ತಿರುವ ಅಂಕಿಯೊಂದೇ ಕಾಣುತ್ತದೆ.