ಗುಟ್ಟು ಬಿಡದೆ ಊರೆಲ್ಲ ಹಬ್ಬುವ ಸಿನಿಮಾ

ಗುರುವಾರ ರಾತ್ರಿ ಹತ್ತು ದಾಟಿದರೆ ಬೆಂಗಳೂರಿನ ಗಾಂಧಿನಗರದಲ್ಲಿ ಇನ್ನೊಂದು ಪಾಳಿ ಶುರು. ಬಕೆಟ್ಟಿನ ತುಂಬ ಮೈದಾ ಅಂಟು, ಹೆಗಲ ಮೇಲೆ ಏಣಿ, ಮೊಪೆಡ್ಡಿನ ಹಿಂದೆ ಪೋಸ್ಟರ್ ಕಟ್ಟು. ಬ್ರಷ್ಷು ಎರಡು ಸಲ ಆಡಿತೆಂದರೆ ಕಳೆದ ವಾರದ ನಾಯಕ ಮಾಯವಾಗಿ ಈ ವಾರದವನು ಗೋಡೆಗೆ ಬಂದಿರುತ್ತಾನೆ. ಕೆ.ಜಿ. ರಸ್ತೆಯ ಚಿತ್ರಮಂದಿರದೆದುರು ಸ್ಟಾರ್ ನಟನ ಕಟೌಟಿಗೆ ಸರ್ವೆ ಕಂಬ ಬಿಗಿಯುವ ಸದ್ದು, ಹಾರ ಹೊತ್ತ ಆಟೊ, ತಮಟೆಯವರು ಬೆಳಿಗ್ಗೆ ಎಷ್ಟು ಹೊತ್ತಿಗೆ ಬರಬೇಕೆಂಬ ಮಾತುಕತೆ. ಅದೇ ಗೋಡೆಯ ಅಂಚಿನಲ್ಲಿ ಒಂದು ಚಿಕ್ಕ ಪೋಸ್ಟರ್ ಇನ್ನೂ ಹಸಿಯಾಗಿದೆ. ಕತ್ತಲಲ್ಲಿ ಅರ್ಧ ಮುಖ, ಯಾರೂ ಕೇಳಿರದ ಹೆಸರು. ಹೊಸಬರ ಥ್ರಿಲ್ಲರ್. ಅದರ ನಿರ್ದೇಶಕ ರಸ್ತೆಯ ಆಚೆ ಬದಿಯಲ್ಲಿ ನಿಂತು, ಪೋಸ್ಟರ್ ನೆಟ್ಟಗಿದೆಯೇ ಎಂದು ನೋಡುತ್ತಿರುತ್ತಾನೆ.

ಇಲ್ಲಿಯವರೆಗೆ ಬರುವುದರೊಳಗೆ ಅವನು ಮೆಟ್ಟಿಲು ಹತ್ತಿಳಿದ ವಿತರಕರ ಕಚೇರಿಗಳಲ್ಲೆಲ್ಲ ಮೊದಲು ಬಂದ ಪ್ರಶ್ನೆ ಒಂದೇ. “ಹೀರೊ ಯಾರಪ್ಪ?” ಹೊಸಬ ಎಂದರೆ ಮಾತು ಅಲ್ಲಿಗೆ ಅರ್ಧ ಮುಗಿಯಿತು. “ಬಾಡಿಗೆ ಕಟ್ಟಿ ಹಾಕ್ಕೊಳ್ಳಿ” ಎಂಬ ಉತ್ತರ ಸಿಗುತ್ತದೆ. ವಾರದ ಬಾಡಿಗೆ ತಾನೇ ಕಟ್ಟಬೇಕು. ಪರದೆಗೆ ಚಿತ್ರ ಕಳುಹಿಸುವ ಯುಎಫ್ಒ, ಕ್ಯೂಬ್‌ಗಳ ಶುಲ್ಕವನ್ನೂ ತಾನೇ ಹೊರಬೇಕು. ಚಿತ್ರ ತೆಗೆಯುವಾಗ ಉಳಿಸಿದ ದುಡ್ಡು ತೋರಿಸುವಾಗ ಕರಗುತ್ತದೆ.

ಈ ಬಾಗಿಲುಗಳನ್ನು ತಪ್ಪಿಸಿ ಹೋಗುವ ದಾರಿಯನ್ನು ಕನ್ನಡಕ್ಕೆ ತೋರಿಸಿದ್ದು ಪವನ್ ಕುಮಾರ್ ಅವರ ‘ಲೂಸಿಯಾ’. 2011ರಲ್ಲಿ ‘ಲೈಫು ಇಷ್ಟೇನೆ’ ಮಾಡಿದ್ದವರಿಗೂ ಎರಡನೇ ಕಥೆಗೆ ನಿರ್ಮಾಪಕರು ಸಿಗಲಿಲ್ಲ. ಅಂತರ್ಜಾಲದಲ್ಲಿ ಅವರು ನೇರವಾಗಿ ಜನರನ್ನೇ ಕೇಳಿದರು. 27 ದಿನಗಳಲ್ಲಿ 110 ಮಂದಿಯಿಂದ ಸುಮಾರು 50 ಲಕ್ಷ ರೂಪಾಯಿ ಕೂಡಿಬಂತು. ಹೊರಗಿನಿಂದ ನೋಡಿದವರಿಗೆ ಅದು ಬಂಡವಾಳ. ಆದರೆ ಆ ಹಣದ ಜೊತೆ ಪ್ರಚಾರವೂ ಬಂದಿತ್ತು. ದುಡ್ಡು ಹಾಕಿದವರು ಶೂಟಿಂಗ್ ಮುಗಿಯುವ ಮುಂಚೆಯೇ ಅದನ್ನು ‘ನಮ್ಮ ಸಿನಿಮಾ’ ಎನ್ನತೊಡಗಿದ್ದರು. ಆಫೀಸಿನ ಊಟದ ಹೊತ್ತಿನಲ್ಲಿ, ಹಾಸ್ಟೆಲಿನ ಜಗಲಿಯಲ್ಲಿ, ಫೇಸ್‌ಬುಕ್ಕಿನ ಗೋಡೆಯಲ್ಲಿ ಅದರ ಮಾತು ಹರಡಿತು. 2013ರ ಜುಲೈನಲ್ಲಿ ಲಂಡನ್ನಿನ ಭಾರತೀಯ ಚಲನಚಿತ್ರೋತ್ಸವದಲ್ಲಿ ಅದು ಪ್ರೇಕ್ಷಕರ ಮೆಚ್ಚುಗೆಯ ಪ್ರಶಸ್ತಿ ಪಡೆಯಿತು. ಸೆಪ್ಟೆಂಬರ್ 6ರಂದು ಇಲ್ಲಿ ತೆರೆಗೆ ಬಂತು. ಇಂಗ್ಲಿಷ್ ಅಡಿಬರಹ ಹೊತ್ತು ಹೊರರಾಜ್ಯಗಳ ಮಲ್ಟಿಪ್ಲೆಕ್ಸ್‌ಗಳಿಗೂ ಹೋಯಿತು. ಆ ಕಥೆಯ ನಿಕ್ಕಿ, ಅಂದರೆ ಸತೀಶ್ ನೀನಾಸಂ, ಹಳೆಯ ಚಿತ್ರಮಂದಿರದಲ್ಲಿ ಟಾರ್ಚ್ ಬಿಟ್ಟು ಸೀಟು ತೋರಿಸುವ, ನಿದ್ದೆ ಬಾರದ ಹುಡುಗ. ಅವನ ಆ ಚಿತ್ರಮಂದಿರವೂ ಉಳಿಯಲು ಒದ್ದಾಡುತ್ತಿರುತ್ತದೆ. ಇದಕ್ಕಿಂತ ಮುಂದಿನದನ್ನು ಹೇಳುವಂತಿಲ್ಲ.

ಈ ‘ಹೇಳುವಂತಿಲ್ಲ’ದಲ್ಲೇ ಥ್ರಿಲ್ಲರಿನ ವ್ಯಾಪಾರ ಅಡಗಿದೆ. ಶನಿವಾರದ ಮ್ಯಾಟ್ನಿ ಬಿಟ್ಟ ಹೊತ್ತು, ಚಿತ್ರಮಂದಿರದೆದುರಿನ ಟೀ ಅಂಗಡಿ. ನಾಲ್ವರು ಕಾಲೇಜು ಹುಡುಗ ಹುಡುಗಿಯರು ಬೈ-ಟು ಕಾಫಿ ಹಿಡಿದು ವಾದಿಸುತ್ತಿದ್ದಾರೆ. “ಆ ಸೀನಲ್ಲೇ ಸುಳಿವಿತ್ತು ಕಣೋ.” “ಇಲ್ಲ ಕಣೆ, ಇಂಟರ್ವಲ್‌ಗೆ ಮೊದಲೇ ಇತ್ತು.” ಬರದೆ ಉಳಿದ ಐದನೆಯವನ ಫೋನ್ ಬರುತ್ತದೆ. ಏನಂತೆ ಕಥೆ ಎಂದರೆ, “ಹೇಳಲ್ಲ ಮಗಾ, ಹೋಗಿ ನೋಡು” ಎನ್ನುತ್ತಾರೆ. ಬೇರೆ ಸಿನಿಮಾ ಹಾಡಿನಿಂದ, ಡೈಲಾಗಿನಿಂದ ಹಬ್ಬೀತು. ಥ್ರಿಲ್ಲರ್ ಹಬ್ಬುವುದು ಬಾಯಿ ಕಟ್ಟಿಕೊಂಡವರಿಂದ. ಗುಟ್ಟು ಕಾಯುವವನು ತಾನೂ ಆ ಸಿನಿಮಾದವನೇ ಆಗಿಬಿಡುತ್ತಾನೆ. ಕೋಟಿ ಸುರಿದರೂ ಇಂಥ ಪ್ರಚಾರಕ ಸಿಕ್ಕುವುದಿಲ್ಲ.

ಬದುಕಿನಿಂದಲೇ ಎತ್ತಿಕೊಂಡ ಕಥೆಯಾದರೆ ಈ ಮಾತು ಇನ್ನೂ ಬೇಗ ಹತ್ತಿಕೊಳ್ಳುತ್ತದೆ. 2016ರ ‘ಯು ಟರ್ನ್’ ಡಬಲ್ ರೋಡ್ ಮೇಲ್ಸೇತುವೆಯ ಮೇಲೆ ಅಡ್ಡ ಕಲ್ಲು ಸರಿಸಿ ಗಾಡಿ ತಿರುಗಿಸುವವರನ್ನು ಕಥೆಗೆ ತಂದಿತು. ಆ ದಾರಿಯಲ್ಲಿ ದಿನಾ ಬೈಕ್ ಓಡಿಸುವ ಹುಡುಗರಿಗೆ ಬೇರೆ ಆಮಂತ್ರಣ ಬೇಕಿರಲಿಲ್ಲ. 2018ರ ‘ಗುಲ್ಟೂ’ ಹಿಡಿದದ್ದು ದತ್ತಾಂಶ ಕಳ್ಳತನವನ್ನು. ಎಂಜಿನಿಯರಿಂಗ್ ಹುಡುಗರಿಗೆ ಅದು ಪಕ್ಕದ ಮೇಜಿನ ಕಥೆ.

ಆದರೆ ಬಾಯಿಮಾತು ನಡೆದು ಬರಬೇಕು, ಅದಕ್ಕೆ ಹೊತ್ತು ಬೇಕು. ಶುಕ್ರವಾರ ಬೆಳಗಿನ ಆಟಕ್ಕೆ ಬೆರಳೆಣಿಕೆಯ ಜನ. ಭಾನುವಾರ ಸಂಜೆಗೆ ಸೀಟು ತುಂಬತೊಡಗುತ್ತದೆ. ಸೋಮವಾರ ಹುಡುಗರು ಗೆಳೆಯರನ್ನು ಒಗ್ಗೂಡಿಸಿಕೊಂಡು ಆ್ಯಪ್ ತೆರೆದರೆ, ಸಂಜೆಯ ಆಟವೇ ಇಲ್ಲ. ಉಳಿದದ್ದು ಬೆಳಿಗ್ಗೆ ಹತ್ತೂವರೆಯದು, ಅದೂ ಊರಾಚೆಯ ಮಾಲ್‌ನಲ್ಲಿ. ತರಗತಿ ಇರುವವರು, ಡ್ಯೂಟಿ ಇರುವವರು ಹೇಗೆ ಹೋದಾರು? ‘ರಂಗಿತರಂಗ’ ಎಂಬ ಥ್ರಿಲ್ಲರಿಗೂ ಹೀಗೇ ಆಯಿತು. ಅದು ತೆರೆಕಂಡದ್ದು 2015ರ ಜುಲೈ 3ರಂದು. ಒಂದೇ ವಾರಕ್ಕೆ, ಜುಲೈ 10ರಂದು, ‘ಬಾಹುಬಲಿ’ ಬಂತು. ಜನ ಹುಡುಕಿಕೊಂಡು ಬರುತ್ತಿದ್ದ ಹೊತ್ತಿಗೇ ಮಲ್ಟಿಪ್ಲೆಕ್ಸ್ ಪರದೆಗಳು ಕೈತಪ್ಪಿದವು. ಆಗ ದನಿಯೆತ್ತಿದ್ದು ಅದರ ಪ್ರೇಕ್ಷಕರೇ. ಸಾಮಾಜಿಕ ಜಾಲತಾಣಗಳಲ್ಲಿ ಪರದೆ ಕೇಳಿದರು, ಚಿತ್ರ ಬದುಕಿತು. ಅಮೆರಿಕದ ಕನ್ನಡಿಗರವರೆಗೂ ಅದು ತಲುಪಿತು.

ಎಲ್ಲ ಒಳ್ಳೆಯ ಚಿತ್ರಕ್ಕೂ ಅಂಥ ದನಿ ಸಿಗುತ್ತದೆಂದು ನೆಚ್ಚುವಂತಿಲ್ಲ. ಪ್ರತಿ ಸಲ ಪ್ರೇಕ್ಷಕನೇ ಜಗಳಕ್ಕಿಳಿಯಬೇಕೆಂದರೆ ಅದು ನ್ಯಾಯವೂ ಅಲ್ಲ. ಹೊಸಬರು ಮಾಡಬೇಕಾದ್ದು ಸ್ಪಷ್ಟ: ಬಿಡುಗಡೆಯ ವಾರಕ್ಕೆ ಕಾಯದೆ, ಕಥೆ ಮೊಳೆಯುವಾಗಲೇ ಹುಡುಗರನ್ನು ಜೊತೆಗೆ ಕರೆದುಕೊಳ್ಳಬೇಕು; ಟ್ರೇಲರಿನಲ್ಲೇ ಗುಟ್ಟು ಬಿಟ್ಟುಕೊಡಬಾರದು; ಇಪ್ಪತ್ತು ಪರದೆಗೆ ಆಗುವ ಬಾಡಿಗೆಯಲ್ಲಿ ಐದೇ ಪರದೆಯನ್ನು ಹೆಚ್ಚು ದಿನ ಹಿಡಿದುಕೊಳ್ಳಬೇಕು. ಚಿತ್ರಮಂದಿರದವರು ಮಾಡಬೇಕಾದ್ದು ಇನ್ನೂ ಸರಳ. ಎರಡು ವಾರ, ದಿನಕ್ಕೊಂದು ಸಂಜೆಯ ಆಟ ಕೊಡಲಿ. ದುಡಿದು ಬಂದವನಿಗೆ, ಓದಿ ಬಂದವಳಿಗೆ ಎಟುಕುವ ಹೊತ್ತಿನಲ್ಲಿ ಬಾಗಿಲು ತೆರೆದಿದ್ದರೆ, ಉಳಿದ ವಿತರಣೆಯನ್ನು ಆ ಹುಡುಗರು ಬಿಡಿಗಾಸು ಕೇಳದೆ ಮಾಡುತ್ತಾರೆ.