ಚೀಟಿ ಹೋಯಿತು, ಚಾಲಾಕಿ ಉಳಿಯಿತು!

ಅಂಗೈಯಲ್ಲಿ ಬರೆದ ಸೂತ್ರ, ಜೇಬಿನೊಳಗಿನ ಚೀಟಿ, ಕಿಟಕಿಯಾಚೆಯ ಪಿಸುಮಾತು– ಇವೆಲ್ಲ ಪರೀಕ್ಷೆಯಷ್ಟೇ ಹಳೆಯವು. ಪರೀಕ್ಷೆಯನ್ನು ಕಂಪ್ಯೂಟರಿಗೆ ಒಪ್ಪಿಸಿದರೆ ಈ ಕಾಟ ತಪ್ಪೀತೆಂದು ಅನೇಕರು ನಂಬಿದ್ದರು. ಆ ನಂಬಿಕೆಗೆ ದೊಡ್ಡ ಪೆಟ್ಟು ಬಿದ್ದದ್ದು 1994ರಲ್ಲಿ, ಅಮೆರಿಕದಲ್ಲಿ.

ಉನ್ನತ ವ್ಯಾಸಂಗಕ್ಕೆ ಅಲ್ಲಿಗೆ ಹೋಗುವವರು ಬರೆಯುವ ಜಿಆರ್‌ಇ ಪರೀಕ್ಷೆ ಒಂದೆರಡು ವರ್ಷಗಳ ಹಿಂದಷ್ಟೇ ಕಂಪ್ಯೂಟರಿಗೆ ಬಂದಿತ್ತು. ಸರಿಯುತ್ತರ ಕೊಟ್ಟರೆ ಮುಂದಿನ ಪ್ರಶ್ನೆ ಕಠಿಣ, ತಪ್ಪಿದರೆ ಸುಲಭ. ಹೀಗೆ ಒಬ್ಬೊಬ್ಬರ ಮಟ್ಟ ನೋಡಿ ತಂತ್ರಾಂಶವೇ ಪ್ರಶ್ನೆ ಆರಿಸುತ್ತಿತ್ತು. ಪಕ್ಕದವನನ್ನು ನೋಡಿ ಬರೆಯುವ ಮಾತೇ ಇಲ್ಲ. ಆದರೆ ಕ್ಯಾಪ್ಲನ್ ಎಂಬ ತರಬೇತಿ ಸಂಸ್ಥೆ ತನ್ನ ಸಿಬ್ಬಂದಿಯನ್ನೇ ಪರೀಕ್ಷೆಗೆ ಕೂರಿಸಿತು. ಅವರು ಪ್ರಶ್ನೆಗಳನ್ನು ನೆನಪಿಟ್ಟುಕೊಂಡು ಬಂದು ಒಟ್ಟುಗೂಡಿಸಿದರು. ಅವೇ ಪ್ರಶ್ನೆಗಳು ಮತ್ತೆ ಮತ್ತೆ ಬರುತ್ತಿದ್ದವು! ಲೋಪ ತೋರಿಸಲೆಂದೇ ಹೀಗೆ ಮಾಡಿದೆವೆಂದು ಸಂಸ್ಥೆ ಹೇಳಿತು. ಪರೀಕ್ಷೆ ನಡೆಸುವ ಇಟಿಎಸ್ ಕಂಪ್ಯೂಟರ್ ಪರೀಕ್ಷೆಗಳನ್ನು ಕೆಲಕಾಲ ಕಡಿತಗೊಳಿಸಿತು. ನ್ಯಾಯಾಲಯದ ಮೆಟ್ಟಿಲನ್ನೂ ಏರಿತು.

ದೋಷ ಎಲ್ಲಿತ್ತು? ತಂತ್ರಾಂಶ ಪ್ರತಿ ಬಾರಿಯೂ ಅತ್ಯಂತ ಸೂಕ್ತ ಪ್ರಶ್ನೆಯನ್ನೇ ಹುಡುಕುತ್ತದೆ. ಒಂದೇ ಮಟ್ಟದ ಸಾವಿರ ಮಂದಿಗೆ ಸೂಕ್ತವಾದದ್ದೂ ಒಂದೇ. ಹೀಗಾಗಿ ಭಂಡಾರದ ಹಲವು ಪ್ರಶ್ನೆಗಳು ದೂಳು ಹಿಡಿದು ಕೂತರೆ, ಕೆಲವು ಮಾತ್ರ ಬಳಸಿ ಬಳಸಿ ಬಯಲಾಗುತ್ತವೆ. ಇದಕ್ಕೊಂದು ಮದ್ದನ್ನು ಸಿಂಪ್ಸನ್ ಮತ್ತು ಹೆಟರ್ ಎಂಬ ತಜ್ಞರು 1985ರಲ್ಲೇ ಸೂಚಿಸಿದ್ದರು. ಆರಿಸಿದ ಪ್ರಶ್ನೆಯನ್ನು ಕೂಡಲೇ ತೋರಿಸದೆ, ಚೀಟಿ ಎತ್ತಿದಂತೆ ಅದೃಷ್ಟಕ್ಕೆ ಬಿಡುವುದು. ಪದೇ ಪದೇ ಆಯ್ಕೆಯಾಗುವ ಪ್ರಶ್ನೆಗೆ ಅವಕಾಶ ಕಡಿಮೆ ಮಾಡುವುದು. ಅಳತೆ ತುಸು ಸಡಿಲವಾದೀತು, ಆದರೆ ಗುಟ್ಟು ಹೆಚ್ಚು ಕಾಲ ಉಳಿದೀತು.

ನಮ್ಮಲ್ಲಿ ಜೆಇಇ ಮೇನ್‌ನ ಎಂಜಿನಿಯರಿಂಗ್ ಪತ್ರಿಕೆ 2019ರಿಂದ ಪೂರ್ತಿ ಕಂಪ್ಯೂಟರಿನಲ್ಲೇ ನಡೆಯುತ್ತಿದೆ. ಪಾಳಿಗೊಂದು ಪ್ರಶ್ನೆಪತ್ರಿಕೆ, ಕಷ್ಟ–ಸುಲಭದ ವ್ಯತ್ಯಾಸ ಸರಿದೂಗಿಸಲು ಪರ್ಸೆಂಟೈಲ್ ಲೆಕ್ಕ. ಆದರೂ 2021ರಲ್ಲಿ, ಪರೀಕ್ಷಾ ಕೇಂದ್ರದ ಕಂಪ್ಯೂಟರನ್ನು ದೂರದಿಂದಲೇ ನಿಯಂತ್ರಿಸಿ ಬೇರೆಯವರು ಉತ್ತರಿಸಿದರೆಂಬ ಆರೋಪದ ಮೇಲೆ ಸಿಬಿಐ ಪ್ರಕರಣ ದಾಖಲಿಸಿತು. ಪ್ರಶ್ನೆಗಳನ್ನು ಎಷ್ಟೇ ಕಲಸಿದರೂ, ಕೀಲಿಮಣೆ ಯಾರ ಕೈಯಲ್ಲಿದೆ ಎಂಬುದನ್ನು ಕಾಯದಿದ್ದರೆ ಫಲವೇನು?

ತಂತ್ರಾಂಶ ಕಾವಲುಗಾರನಾದೀತು, ಕಾವಲುಗಾರನನ್ನು ಕಾಯಬೇಕಾದವರು ಮನುಷ್ಯರೇ. ಹಣ ಕೊಟ್ಟು ‘ವ್ಯವಸ್ಥೆ’ ಮಾಡಿಸುವ ಆಮಿಷ ಬಂದಾಗ ತಂದೆತಾಯಂದಿರು ಒಂದನ್ನು ನೆನಪಿಡುವುದು ಒಳಿತು. ಕದ್ದ ಪ್ರತಿ ಸೀಟಿನ ಹಿಂದೆ ರಾತ್ರಿಯೆಲ್ಲ ಓದಿದ ಇನ್ನೊಂದು ಮಗುವಿದೆ. ಇನ್ನು, ರ್‍ಯಾಂಕನ್ನೇನೋ ಕೊಳ್ಳಬಹುದು. ಮೊದಲ ಸೆಮಿಸ್ಟರಿನ ಗಣಿತವನ್ನು ಕೊಡುವ ಅಂಗಡಿ ಎಲ್ಲಿದೆ?